ದಿಂಬಿನ ಕೆಳಗಿನ ಫೋನು

ಗದಗ-ಬೆಟಗೇರಿ
ಗುರುವಾರ, 30 ಫೆಬ್ರವರಿ 2189

ನೆರಳು ಕೂಟದ ಹುಲಿಗೆಮ್ಮಕ್ಕನವರಿಗೂ ಸಂಗಡಿಗರಿಗೂ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಮ್ಮ ಅಜ್ಜಂದಿರ ಕಾಲದಲ್ಲಿ ಸರಿಪಡಿಸಿದರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ನಿಮ್ಮ ಕೂಟದ ನಡಾವಳಿ ಪುಸ್ತಕ ಓದಿಯೇ ಕಲಿತವನು ನಾನು. ತಪ್ಪಿದ್ದರೆ ತಿದ್ದಿ, ಒಪ್ಪಿದರೆ ಓದಿ.

ಕೂಟ ಇನ್ನೂ ಇದೆ, ಅದೇ ಛಾಪಖಾನೆಯ ಮೇಲಿನ ಕೋಣೆಯಲ್ಲಿ. ಛಾಪಖಾನೆ ಇಲ್ಲ, ಮೇಲಿನ ಕೋಣೆ ಉಳಿದಿದೆ. ಹೇಗೆಂದು ನಾವೂ ಕೇಳಿಕೊಂಡಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಬೀದಿಯುದ್ದಕ್ಕೂ ಬಿಸಿಲುಮುಚ್ಚು ಎಳೆಯುತ್ತಾರೆ, ಅಂದರೆ ಮಾಳಿಗೆಯಿಂದ ಮಾಳಿಗೆಗೆ ಹಾಸುವ ದಪ್ಪ ಕೈಮಗ್ಗದ ಬಟ್ಟೆ. ಸಂಜೆ ಐದರವರೆಗೆ ಊರು ಆ ಕೆಂಪು ನೆರಳಿನಲ್ಲಿ ಪಿಸುಗುಟ್ಟುತ್ತಲೇ ಬದುಕುತ್ತದೆ. ನನಗೂ ವೀರೇಶನಿಗೂ ಮದುವೆಯಾಗಿ ಹನ್ನೆರಡು ವರ್ಷ. ಯಾರೂ ಕಲ್ಲೆಸೆದಿಲ್ಲ. ಎಲ್ಲ ಗಂಡಂದಿರಂತೆ ನಾವೂ ಒದ್ದೆ ಟವೆಲ್ಲಿನ ವಿಷಯಕ್ಕೇ ಜಗಳವಾಡುತ್ತೇವೆ. ಆದರೂ ಮನೆಯಿಂದ ಹೊರಹಾಕಿಸಿಕೊಂಡ ಮಕ್ಕಳು ಕೂಟದ ಮೆಟ್ಟಿಲು ಹತ್ತಿ ಬರುತ್ತಲೇ ಇದ್ದಾರೆ. ಕಾಯಿದೆ ಬದಲಾಗಿದೆ, ಕಾಕಂದಿರು ಬದಲಾಗಿಲ್ಲ.

ಈಗ ವಿಷಯ. ಮನೆಯಲ್ಲಿ ಹೇಳಿಕೊಳ್ಳಲಾಗದ ಮಕ್ಕಳು ಕರೆ ಮಾಡುವ ನಿಮ್ಮ ಕೂಟದ ಫೋನು ನಮ್ಮಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ. ಬ್ಯಾಟರಿ ಇಲ್ಲ, ಸಿಮ್ ಇಲ್ಲ. ಹನ್ನೊಂದು ವರ್ಷದಿಂದ ಅದು ರಿಂಗಾಗುತ್ತಿದೆ, ಮಧ್ಯಾಹ್ನ ಎರಡರಿಂದ ಎರಡೂವರೆಯ ನಡುವೆ ಮಾತ್ರ. ಪರದೆಯ ಮೇಲೆ ನಿಮ್ಮ ಕಾಲದ ತಾರೀಖು ಮೂಡುತ್ತದೆ. ನೀವು ಎತ್ತದೆ ಬಿಟ್ಟ ಕರೆಗಳು ಇವು. ನಾವು ಇವನ್ನು ಉಳಿಕರೆ ಎನ್ನುತ್ತೇವೆ. ಕೇಳುವವನಿಗೆ ದನಿಕಾವಲು ಎಂದು ಹೆಸರು. ಆ ಕೆಲಸ ನನ್ನದು. ಎತ್ತಿದರೆ ಆ ಕಡೆ ರಿಂಗಿನ ಸದ್ದು, ಅದರಡಿಯಲ್ಲಿ ಕರೆ ಮಾಡಿದವರು ಕಾಯುತ್ತಾ ತಮ್ಮಷ್ಟಕ್ಕೆ ತಾವೇ ಆಡಿಕೊಳ್ಳುವ ಮಾತು. ನಮ್ಮ ಮಾತು ಅವರಿಗೆ ಮುಟ್ಟುವುದಿಲ್ಲ.

ಆ ಅರ್ಧ ಗಂಟೆ ಏಕೆಂದು ತಿಳಿಯಲು ನಾಲ್ಕು ವರ್ಷ ಹಿಡಿಯಿತು. ಉತ್ತರ ನಿಮ್ಮ ನಡಾವಳಿಯಲ್ಲೇ ಇತ್ತು. ನೀವು ಹೇಳಿದ್ದನ್ನು ಯಾರೋ ಹಾಗೆಯೇ ಬರೆದಿಟ್ಟಿದ್ದಾರೆ: “ನಾವೆಲ್ಲಾ ತಾಟಿನ ಮುಂದಿಂದ ಎಬ್ಬಿಸಿ ಹೊರಗ ಹಾಕಿಸ್ಕೊಂಡವ್ರು. ಇಲ್ಲೆ ಉಣ್ಣು ಹೊತ್ತಿನ್ಯಾಗ ಯಾರನ್ನೂ ಎಬ್ಬಸಬಾರ್ದು. ಫೋನ್ ದಿಂಬಿನ ಕೆಳಗ ಇಡ್ರಿ.” ಅದರ ಕೆಳಗೇ ಇನ್ನೊಂದು ನಿಯಮ: ತಪ್ಪಿದ ಕರೆಗೆ ತಿರುಗಿ ಫೋನು ಹಚ್ಚಬಾರದು. ಒಮ್ಮೆ ಹಚ್ಚಿದಾಗ ಅಪ್ಪ ಎತ್ತಿ, ಮಗ ಏಟು ತಿಂದಿದ್ದನಂತೆ. ಎರಡೂ ನಿಯಮ ಅಕ್ಕರೆಯಿಂದಲೇ ಹುಟ್ಟಿದವು. ಆದರೆ ಅಕ್ಕಾ, ಮಕ್ಕಳಿಗೆ ಫೋನು ಕೈಗೆ ಸಿಗುವುದು ಯಾವಾಗ? ಮನೆಯವರು ಉಂಡು ಮಲಗಿದಾಗ. ನೀವು ಉಣ್ಣುವಾಗ.

ಪ್ರತಿ ಉಳಿಕರೆಯೂ ವರ್ಷಕ್ಕೊಮ್ಮೆ ಮರಳುತ್ತದೆ, ಅದೇ ಮಾತು, ಅದೇ ಉಸಿರು. ಅದರಲ್ಲೊಂದು, ನಿಮ್ಮ ಜೂನ್ ಹನ್ನೊಂದರ ಗುರುವಾರ, ಎರಡು ಗಂಟೆ ಹತ್ತು ನಿಮಿಷದ್ದು. ಈ ಕಾಗದ ನಿಮ್ಮ ಕೈ ಸೇರುವಾಗ ಆ ದಿನ ಇನ್ನೂ ಬಂದಿರುವುದಿಲ್ಲವೆಂಬ ನಂಬಿಕೆ ನನ್ನದು.

“ನಾ ಕಸ್ತೂರಿ ರೀ… ಅಯ್ಯ, ಹೆಸರು ಹೇಳಬಾರ್ದಿತ್ತು. ಎತ್ತ್ರೀ. ಅವ್ವ ಮಲಗ್ಯಾಳ, ಎದ್ದಳಂದ್ರ ಮುಗೀತು ನನ ಕಥಿ. ನಾಳೆ ನಿಶ್ಚಯ ಐತಿ. ಹುಡುಗ ಚೊಲೊ ಅದಾನಂತ, ಚೊಲೊ ಇರ್ಲಿ ಬಿಡ್ರಿ! ನನಗ ಯಾವ ಗಂಡೂ ಬ್ಯಾಡಂತ ಹ್ಯಾಂಗ ಹೇಳ್ಲಿ? ಎತ್ತ್ರೀ… ಎತ್ತ್ರೀ ಯವ್ವಾ…”

ಇಪ್ಪತ್ತೇಳು ಸೆಕೆಂಡು. ಆಮೇಲೆ ಅವಳ ಕರೆಯಿಲ್ಲ. ನಿಮ್ಮ ಪುಸ್ತಕದಲ್ಲಿ ಅವಳಿಲ್ಲ, ನಮಗೆ ಸಿಕ್ಕ ಯಾವ ಕಾಗದದಲ್ಲೂ ಇಲ್ಲ.

ಅಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಹತ್ತು ವರ್ಷ ಬದಲಾಗದ ಆ ಕರೆಯಲ್ಲಿ, ಕಳೆದ ಜೂನಿನಲ್ಲಿ, ಒಂದು ಮಾತು ಹೊಸದಾಗಿತ್ತು. ಅವಳು ನಡುವೆಯೇ ನಿಂತಳು. “ಯಾರೋ ಉಸಿರಾಡಾಕತ್ತೀರಿ,” ಎಂದಳು. “ಕೇಳಸ್ತೈತಿ. ಯಾರದು?” ಕೋಣೆಯಲ್ಲಿದ್ದ ಇಪ್ಪತ್ತು ಜನ ಒಟ್ಟಿಗೆ ಕೂಗಿದೆವು. ವೀರೇಶ ಪೆಟ್ಟಿಗೆಗೆ ಬಾಯಿಟ್ಟು, “ಇಡಬ್ಯಾಡವ್ವಾ, ತಡಿ!” ಎಂದು ಅತ್ತೇಬಿಟ್ಟ. ಅವಳಿಗೆ ಕೇಳಿದ್ದು ಉಸಿರು ಮಾತ್ರ, ಇಪ್ಪತ್ತು ಜನರ ಉಸಿರು. ಹೆದರಿ ಇಟ್ಟಳು. ಆ ಕರೆ ಈಗ ಹತ್ತೊಂಬತ್ತು ಸೆಕೆಂಡಿನದು.

ಅವಳ ಎಂಟು ಸೆಕೆಂಡು ತಿಂದವರು ನಾವು. ಬರುವ ಜೂನಿಗೆ ಇನ್ನೆಷ್ಟು ಉಳಿದೀತೋ ಗೊತ್ತಿಲ್ಲ. ಆದ್ದರಿಂದ ಈ ಕಾಗದವನ್ನು ಅದೇ ಪೆಟ್ಟಿಗೆಯಲ್ಲಿಡುತ್ತಿದ್ದೇನೆ. ಕರೆ ಬಂದ ದಾರಿಯಲ್ಲಿ ಕಾಗದವೂ ಹೋದೀತು. ಅಂದು ಯಾರಾದರೂ ಒಬ್ಬರು ಪಂಕ್ತಿಯಿಂದ ಹೊರಗಿದ್ದು ಫೋನು ಕೈಯಲ್ಲಿ ಹಿಡಿದಿರಿ. ಮೊದಲ ರಿಂಗಿಗೇ ಎತ್ತಿ. ತಡವಾದರೆ ಅವಳಿಗೆ ಕೇಳುವುದು ನಮ್ಮ ಉಸಿರು.

ನೀವು ಎತ್ತಿದರೆ ಆ ಕರೆ ಇಲ್ಲಿಗೆ ಬಾರದು. ಕಸ್ತೂರಿ ಎಂಬವಳೊಬ್ಬಳಿದ್ದಳೆಂದು ನನಗೆ ತಿಳಿಯದು, ಈ ಪತ್ರ ಬರೆದದ್ದೂ ನೆನಪಿರದು. ಇರಲಿ. ಅವಳು ನಿಮ್ಮ ನೆನಪಿನಲ್ಲಿರಲಿ.

ಇಂತಿ,
ಹೊನ್ನಪ್ಪ ಬಣಕಾರ, ದನಿಕಾವಲು