ಮೆತ್ತಗಿನ ಸ್ಪ್ರಿಂಗು

ರಾಣೆಬೆನ್ನೂರು, ೨೧ ಫೆಬ್ರುವರಿ ೧೯೮೮, ಭಾನುವಾರ

ತಲೆ ಕೆಟ್ಟುಹೋಗಿದೆ. ಹೆಂಡತಿಯ ಸೊಂಟನೋವಿಗೆಂದೇ ಈ ಹಳೆಯ ಸ್ಪೋರ್ಟ್ಸ್ ಕಾರಿನ ಹಿಂದಿನ ಸ್ಪ್ರಿಂಗು ಬದಲಿಸಿದ್ದು. ಮೆಕ್ಯಾನಿಕ್ ಶಮಶೇರಸಾಬ ಎರಡು ಜೋಡಿ ತೋರಿಸಿದ. ನಾನೇ ಹಟ ಹಿಡಿದು ಹೆಚ್ಚು ಮೆತ್ತಗಿನದನ್ನು ಹಾಕಿಸಿದೆ. ಹಾವೇರಿಯವರೆಗೆ ಒಬ್ಬನೇ ಓಡಿಸಿ ನೋಡಿದೆ. ತೊಟ್ಟಿಲಿನಂತಿತ್ತು.

ಇವತ್ತು ಇಬ್ಬರೂ ಬ್ಯಾಡಗಿಗೆ ಹೊರಟೆವು. ಊರು ದಾಟುವುದರೊಳಗೆ ಹಿಂಭಾಗ ಕುಸಿದು, ಪ್ರತಿ ತಗ್ಗಿಗೂ ಟಾಯರು ಮಡ್‌ಗಾರ್ಡಿಗೆ ತಿಕ್ಕತೊಡಗಿತು. ರಬ್ಬರು ಸುಟ್ಟ ವಾಸನೆ ಬೇರೆ.

“ನನ್ನ ಭಾರಕ್ಕ ಹಿಂಗಾತೇನ್ರಿ?” ಎಂದಳು.

“ನಿಂದೇನಿಲ್ಲ, ಸ್ಪ್ರಿಂಗಿಂದು,” ಎಂದೆ. ನಂಬಲಿಲ್ಲ.

“ನೀವು ಹೋಗ್ರಿ, ನಾ ಬಸ್ಸಿಗೆ ಬರ್ತೇನಿ,” ಎಂದು ಇಳಿದೇಬಿಟ್ಟಳು.

ಆಮೇಲೆ ಬ್ಯಾಡಗಿಯವರೆಗೂ ಕಾರು ಮತ್ತೆ ತೊಟ್ಟಿಲು. ಹಾಳಾದ್ದು, ಒಂದೇ ಒಂದು ಸಲ ತಿಕ್ಕಿದ್ದರೂ ಅವಳ ಮುಂದೆ ಹೇಳಲು ಏನಾದರೂ ಇರುತ್ತಿತ್ತು.