ಬಾಗಿಲ ಹಿಂದಿನ ತಾರೀಖುಗಳು

ಮೇ ೧೦, ಶನಿವಾರ

ಈ ವಯಸ್ಸಿನಲ್ಲಿ, ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಯಂಥ ಟ್ರೇಲರ್ ಕೊಳ್ಳುವುದು ಒಂದೇ ಸಲ. ಅದು ಸೋರಿದರೆ ನಮ್ಮಿಬ್ಬರ ಪ್ರವಾಸದ ಕನಸೂ ಅಲ್ಲಿಗೇ ಮುಗಿಯಿತು. ಅಂಗಡಿಯ ಹೊಸ ಟ್ರೇಲರಿನ ಅಗ್ಗಿಷ್ಟಿಕೆಗೆ ನನ್ನ ಗಂಡ ವೆಂಡೆಲ್ ಮರುಳಾಗಿದ್ದ. ನಾನು ಮೊಣಕಾಲೂರಿ ಮೂಲೆಯ ನೆಲವನ್ನು ಒತ್ತಿದೆ. ಹೆಬ್ಬೆರಳಿನಡಿ ಅದು ತಗ್ಗಿತು; ಹೊಸದಕ್ಕೂ ಆಗಲೇ ನೀರಿಳಿದಿತ್ತು.

ಮಧ್ಯಾಹ್ನ, ನಮಗೆ ಅಂಚೆ ತಂದುಕೊಡುವ ಹಾರ್ಲನ್ ಮಾರಲಿಟ್ಟಿದ್ದ ಇಪ್ಪತ್ತು ವರ್ಷದ ಟ್ರೇಲರ್ ನೋಡಿದೆವು. ಚಾವಣಿಯ ಮೇಲೆ ಅರ್ಧ ಗಂಟೆ ನೀರು ಬಿಡಿಸಿದೆ.

“ಏನ್ ಟೀಚರಮ್ಮ, ಮುಳುಗಿಸೇ ಬಿಡ್ತೀರಾ?” ಎಂದ ಹಾರ್ಲನ್.

“ನನ್ನನ್ನೂ ಹಿಂಗೇ ಪರೀಕ್ಷೆ ಮಾಡೇ ಮದ್ವೆ ಆದ್ಲು ಕಣಯ್ಯಾ” ಎಂದ ವೆಂಡೆಲ್.

ಒಳಗೆ ಒಂದು ಹನಿಯೂ ಇರಲಿಲ್ಲ. ಪ್ರತಿ ವಸಂತದಲ್ಲೂ ಚಾವಣಿಯ ಸಂದುಗಳಿಗೆ ಅಂಟು ಬಳಿದು, ಹಾರ್ಲನ್ ಬಾಗಿಲ ಹಿಂದೆ ತಾರೀಖು ಬರೆದಿದ್ದಾನೆ. ಒಂದು ವರ್ಷವೂ ತಪ್ಪಿಲ್ಲ. ಅಷ್ಟು ಶ್ರದ್ಧೆಯ ವಿದ್ಯಾರ್ಥಿಗಳು ನನಗೆ ಸಿಕ್ಕಿದ್ದು ಅಪರೂಪ.

ಕೊಂಡೆವು. ಪರೀಕ್ಷೆಗೆಂದು ಇಂದು ನಮ್ಮ ಅಂಗಳದಲ್ಲೇ ಇದರೊಳಗೆ ಮಲಗಿದ್ದೇವೆ. ಕೊನೆಯ ತಾರೀಖಿನ ಕೆಳಗೆ ಇನ್ನೂ ಇಪ್ಪತ್ತು ಸಾಲಿಗೆ ಜಾಗವಿದೆ. ಮುಂದಿನದನ್ನು ವೆಂಡೆಲ್‌ನಿಂದಲೇ ಬರೆಸಬೇಕು; ಅವನ ಅಕ್ಷರವನ್ನು ಮಾತ್ರ ಮೊದಲು ತಿದ್ದಬೇಕು.