ಸೌದೆ ಭಟ್ಟಿ, ಕರೆಂಟ್ ಓವನ್

ಮನೆಯಿಂದ,
ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅತ್ತೆ,

ಮಗಳ ಮನೆಯಲ್ಲಿ ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ನೀವು ಪಾಪುವನ್ನು ಕೆಳಗೆ ಇಳಿಸುವುದೇ ಇಲ್ಲವೆಂದು ನಿಮ್ಮ ಮಗಳು ದೂರು ಹೇಳಿದರು. ನೀವಿಲ್ಲದ ಮನೆ ನನಗೆ ಒಂಚೂರೂ ಹಿಡಿಸುತ್ತಿಲ್ಲ. ನಿಮ್ಮ ಮಗ ಮಾತ್ರ ಚಿನ್ನದಂಥವರು. ನಿನ್ನೆ ಬೇಕರಿಯಲ್ಲಿ ನನ್ನ ಮೂಗಿಗೆ ಹತ್ತಿದ ಹಿಟ್ಟು ಒರೆಸುತ್ತಿದ್ದಾಗ ಮಾವ ಬಂದುಬಿಟ್ಟರು. ಇಬ್ಬರೂ ಖಾಲಿ ಟ್ರೇ ನೋಡಿಕೊಂಡು ಬನ್ನು ಎಣಿಸತೊಡಗಿದೆವು.

ಈಗ ವಿಷಯ. ಕರೆಂಟ್ ಓವನ್ ಬೇಡವೇ ಬೇಡ ಎನ್ನುತ್ತಿದ್ದ ಮಾವ ಈ ವಾರ ಒಪ್ಪಿಬಿಟ್ಟರು. ಮೊದಲು ನಾನೂ ಕುಣಿದಾಡಿದೆ. ಗುಂಡಿ ಒತ್ತಿದರೆ ಬ್ರೆಡ್ ಬೇಯುವುದು ಯಾರಿಗೆ ಬೇಡ? ಆದರೆ ಅದನ್ನು ಮಾರಲು ಬರುವ ಆಸಾಮಿಯ ಮೇಲೆ ನನಗೆ ಅನುಮಾನ. ಓವನ್ ಬಗ್ಗೆ ಎರಡು ಮಾತಾಡಿದರೆ, ಹಿಂದಿನ ಬೀದಿಯಲ್ಲಿ ಬೇಕರಿ ಇಟ್ಟಿರುವ ಚಿಕ್ಕಮಾವನ ಬಗ್ಗೆ ಇಪ್ಪತ್ತು ಮಾತಾಡುತ್ತಾನೆ. “ನಿಮ್ಮ ತಮ್ಮನವರು ಆಗ್ಲೇ ಅಡ್ವಾನ್ಸ್ ಕೊಟ್ಟಾಯ್ತು ಯಜಮಾನ್ರೇ, ನೀವಿನ್ನೂ ಸೌದೆ ಊದ್ತಾ ಕೂತಿದೀರಿ” ಎಂದ. ಅಷ್ಟಕ್ಕೇ ಮಾವ ಪೆನ್ನು ಕೇಳಿದರು. ಅದು ನಿಜವೇ ಅಂತ ವಿಚಾರಿಸಬಾರದೇ ಎಂದೆ. “ಅವನನ್ನ ಹೋಗಿ ಕೇಳ್ಲಾ? ನನ್ನ ಹೆಣವೂ ಆ ಬೀದೀಲಿ ಹೋಗಲ್ಲ” ಎಂದರು.

ಅಣ್ಣತಮ್ಮಂದಿರು ಮಾತು ಬಿಟ್ಟ ಕಥೆ ನಿಮಗೇ ಗೊತ್ತು. ಹೊಸದಾಗಿ ಬಂದ ನನಗೆ ಆ ಜಗಳ ಇನ್ನೂ ರೂಢಿಯಾಗಿಲ್ಲ. ಬೆಳಿಗ್ಗೆ ಬ್ರೆಡ್ ಕೊಳ್ಳುವ ನೆಪದಲ್ಲಿ ಚಿಕ್ಕಮಾವನ ಬೇಕರಿಗೆ ಹೋಗಿಯೇಬಿಟ್ಟೆ. ಬೇಕರಿ ಮನೆಯ ಸೊಸೆ ಬ್ರೆಡ್ ಕೊಳ್ಳಲು ಬಂದಳೆಂದು ಅಲ್ಲಿಯವರೆಲ್ಲ ಬಾಯಿಬಿಟ್ಟು ನೋಡಿದರು. ಒಳಗೆ ಸೌದೆ ಭಟ್ಟಿ ಧಗಧಗ ಉರಿಯುತ್ತಿತ್ತು. ಚಿಕ್ಕಮಾವ ಸ್ಟೂಲು ಎಳೆದು ಹಾಕಿ ಮೆಲ್ಲಗೆ ಕೇಳಿದರು: “ನಿಮ್ಮಲ್ಲಿ ಕರೆಂಟ್ ಓವನ್ ಬಂದು ತಿಂಗಳಾಯ್ತಂತಲ್ಲಮ್ಮಾ? ಆ ಓವನ್ನಿನವನು ಹೇಳ್ದ. ನಾನೂ ಸೋಮವಾರ ಸೈನ್ ಹಾಕ್ತೀನಿ. ಅಣ್ಣನೇ ತಗೊಂಡ್ಮೇಲೆ ಇನ್ನೇನು ಯೋಚ್ನೆ.”

ಮಾವನಿಗೆ ಇದನ್ನು ಹೇಳಿದರೆ ಆ ಬೀದಿಗೆ ಕಾಲಿಟ್ಟದ್ದಕ್ಕೇ ನನ್ನ ಕಥೆ ಮುಗಿಯಿತು. ಫೋನಿನಲ್ಲಿ ನಿಮಗೆ ಹೇಳೋಣವೆಂದರೆ ನಿಮ್ಮ ದನಿ ಕೇಳಬೇಕೆಂದು ಅವರು ಪಕ್ಕದಲ್ಲೇ ಕೂರುತ್ತಾರೆ. ಅದಕ್ಕೇ ನಿಮ್ಮನ್ನು ನೋಡಲು ಹೊರಟಿರುವ ಇವರ ಕೈಯಲ್ಲಿ ಈ ಪತ್ರ; ರಾತ್ರಿಯೊಳಗೆ ನಿಮ್ಮ ಕೈಸೇರುತ್ತದೆ.

ಪಾಪುವಿನ ಎರಡೂ ಕೆನ್ನೆಗೆ ನನ್ನ ಮುತ್ತು, ನಿಮ್ಮ ಕಾಲಿಗೆ ನಮಸ್ಕಾರ.

ನಿಮ್ಮ ಮುದ್ದಿನ (ಹೌದು ತಾನೇ?)
ಸೊಸೆ

ಇವರು ಹೊರಡಬೇಕೆಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದಾರೆ, ಮುಖ್ಯವಾದದ್ದೇ ಮರೆತೆ. ನಾಳೆ ಹತ್ತು ಗಂಟೆಗೆ ನಮ್ಮ ಭಟ್ಟಿ ಒಡೆಯಲು ಗಾರೆಯವರು ಬರುತ್ತಾರೆ. ಒಂಬತ್ತಕ್ಕೆ ಚಿಕ್ಕಮಾವ ಬರುತ್ತಾರೆ, ನಾನೇ ಕರೆದಿದ್ದೇನೆ. ಮಾವನಿಗೆ ಗೊತ್ತಿಲ್ಲ. ಎಂಟೂವರೆಗೆ ಫೋನ್ ಮಾಡಿ ಅತ್ತೆ, ತಮ್ಮ ಒಳಗೆ ಬಂದು ಕೂರುವವರೆಗೂ ಮಾವನನ್ನು ಫೋನ್ ಇಡಲು ಬಿಡಬೇಡಿ.